ಪುಸ್ತಕದ ಬಂಡಲ್ ಹಿಡಿದು ಧಾರವಾಡದಿಂದ ಕುಷ್ಟಗಿಯವರೆಗೆ

ಶುಕ್ರವಾರ, ಧಾರವಾಡ

ಹಾವೇರಿಯಿಂದ ಬೆಳಗ್ಗೆ ಆರರ ಬಸ್ಸಿಗೆ ಹೊರಟೆವು. ನಾನು, ನಮ್ಮ ಲೇಖಕಿ, ಐವತ್ತೈವತ್ತು ಪ್ರತಿಗಳ ಮೂರು ಬಂಡಲ್. ಉಳಿದ ಬಂಡಲ್‌ಗಳನ್ನು ಮೊದಲೇ ಟ್ರಾನ್ಸ್‌ಪೋರ್ಟಿನಲ್ಲಿ ವಿಜಯಪುರಕ್ಕೆ, ಕುಷ್ಟಗಿಗೆ ಕಳಿಸಿದ್ದೆ. ಲೇಖಕಿ ಕುಷ್ಟಗಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಟೀಚರ್. ಇದು ಅವರ ಮೊದಲ ಕಥಾ ಸಂಕಲನ. ಡೆಮಿ 1/8 ಸೈಜು (ಸಾಮಾನ್ಯ ಕಥೆ ಪುಸ್ತಕದ ಅಳತೆ), 160 ಪುಟ, ಬೆಲೆ 180 ರೂಪಾಯಿ, ಮೊದಲ ಮುದ್ರಣ 500 ಪ್ರತಿ. ನಮ್ಮದು ಮನೆಯ ಒಂದು ಕೋಣೆಯಲ್ಲಿ ನಡೆಯುವ ಪ್ರಕಾಶನ. ವರ್ಷಕ್ಕೆ ನಾಲ್ಕೈದು ಪುಸ್ತಕ ಮಾಡುತ್ತೇವೆ, ಹೆಚ್ಚಿನವು ಈ ಕಡೆಯ ಹೊಸಬರದ್ದೇ.

ಈ ಸಲ ಬಿಡುಗಡೆ ಸಮಾರಂಭ ಬೇಡ ಅಂತ ಮೊದಲೇ ಹೇಳಿದ್ದೆ. ಹಾಲ್ ಬಾಡಿಗೆ, ಬ್ಯಾನರ್, ಶಾಲು, ಹಾರ, ಹಣ್ಣಿನ ಬುಟ್ಟಿ, ವೇದಿಕೆ ಮೇಲೆ ಐದಾರು ಜನ ಅತಿಥಿಗಳು. ಎಲ್ಲರೂ ಮಾತಾಡಿ ಮುಗಿಸುವಷ್ಟರಲ್ಲಿ ಎರಡೂವರೆ ಗಂಟೆ ಆಗಿರುತ್ತದೆ, ಬರೆದವರಿಗೆ ಕೊನೆಗೆ ಐದು ನಿಮಿಷ ಸಿಗುತ್ತದೆ, ಅಷ್ಟೊತ್ತಿಗೆ ಅರ್ಧ ಸಭೆ ಖಾಲಿ. ಅಲ್ಲಿ ಹೋಗುವ ದುಡ್ಡಿನಲ್ಲಿ ಊರೂರಿಗೆ ಬಸ್ ಚಾರ್ಜ್ ಆಗುತ್ತದೆ, ಅಲ್ವಾ? ಹಾಗಾಗಿ ಲೆಕ್ಕ ಸರಳ ಮಾಡಿಕೊಂಡೆವು. ಒಂದೊಂದು ಊರಿನಲ್ಲಿ ಇಪ್ಪತ್ತು ಜನ ಕೂತರೆ ಸಾಕು. ಟೀಚರ್ ಒಂದು ಕಥೆಯ ಮೂರು ಪುಟ ಓದುತ್ತಾರೆ, ಆಮೇಲೆ ಮಾತುಕತೆ. ಪುಸ್ತಕ ಪಕ್ಕದ ಮೇಜಿನ ಮೇಲೆ ಇರುತ್ತದೆ. ಶಾಲು ಇಲ್ಲ, ಹಾರ ಇಲ್ಲ.

ಇದೇನೂ ಹೊಸದಲ್ಲ. ಗಳಗನಾಥರು ನಮ್ಮ ಹಾವೇರಿ ಕಡೆಯವರೇ. 1869ರಲ್ಲಿ ಹುಟ್ಟಿ 1942ರವರೆಗೆ ಬದುಕಿದ್ದ ಅವರು ಕಾದಂಬರಿ ಬರೆದು, ಅಚ್ಚು ಹಾಕಿಸಿ, ತಾವೇ ಹೊತ್ತುಕೊಂಡು ಊರೂರು ಅಲೆದು ಮಾರಿದವರು. ಆ ಕಾಲಕ್ಕೆ ಕನ್ನಡ ಕಾದಂಬರಿ ಓದುವ ಜನರೇ ಕಡಿಮೆ. ಓದುಗರನ್ನು ಅವರು ಮನೆ ಬಾಗಿಲಿಗೆ ಹೋಗಿ ಹುಡುಕಿದರು. ನಮಗೆ ಬಸ್ ಇದೆ, ಫೋನ್ ಇದೆ, ಟ್ರಾನ್ಸ್‌ಪೋರ್ಟ್ ಇದೆ. ಆದರೂ ಪುಸ್ತಕ ಅಚ್ಚಾದ ಮೇಲೆ ಕೋಣೆಯಲ್ಲೇ ಕೂತು ಓದುಗರು ಬರಲಿ ಅಂತ ಕಾಯುವ ಪ್ರಕಾಶಕರೇ ಜಾಸ್ತಿ.

ಧಾರವಾಡದಲ್ಲಿ ಮೊದಲು ಅಂಗಡಿಗಳು. ಒಬ್ಬರು ಹಿರಿಯ ವ್ಯಾಪಾರಿ ಇದ್ದಾರೆ, ಪುಸ್ತಕ ಕೈಗೆ ಕೊಟ್ಟರೆ ಮುಖಪುಟ ನೋಡುವುದಿಲ್ಲ, ಬೆನ್ನುಡಿಯನ್ನೂ ಓದುವುದಿಲ್ಲ. ಸರಿಯಾಗಿ ಮಧ್ಯಕ್ಕೆ ತೆರೆದು, ಎರಡೂ ಹೆಬ್ಬೆರಳಿನಿಂದ ಒತ್ತಿ, ಕಿವಿ ಹತ್ತಿರ ಹಿಡಿಯುತ್ತಾರೆ. ಬರೀ ಗೋಂದಿನಲ್ಲಿ ಅಂಟಿಸಿದ ಪುಸ್ತಕ ಚಟ್ ಅನ್ನುತ್ತದೆ. ದಾರದ ಹೊಲಿಗೆ ಇದ್ದರೆ ಸದ್ದಿಲ್ಲದೆ ಮಲಗುತ್ತದೆ. ನಮ್ಮದು ಮಲಗಿತು. "ಹೊಲಿಸೀರೇನ್ರೀ? ಹಂಗಾದ್ರ ಇಪ್ಪತ್ತು ಇಟ್ಟು ಹೋಗ್ರಿ" ಅಂದರು. ಮಾರಿದ ಮೇಲೆ ಹಣ, 35 ಪರ್ಸೆಂಟ್ ಕಮಿಷನ್, ಉಳಿದದ್ದು ವಾಪಸ್. ಚಲನ್, ಅಂದರೆ ಇಟ್ಟ ಪ್ರತಿಗಳ ಲೆಕ್ಕದ ಚೀಟಿ, ಬರೆದು ಸಹಿ ಹಾಕಿಸಿಕೊಂಡೆ.

ಟೀಚರ್‌ಗೆ 35 ಕೇಳಿ ಗಾಬರಿ. ಹೊರಗೆ ಬಂದು ಚಹಾ ಕುಡಿಯುತ್ತಾ ಲೆಕ್ಕ ಹೇಳಿದೆ. 180 ರೂಪಾಯಿಯಲ್ಲಿ ಅಂಗಡಿಗೆ 63. ಲೇಖಕಿಗೆ ಹತ್ತು ಪರ್ಸೆಂಟ್ ರಾಯಧನ, ಅಂದರೆ 18. ಕಾಗದ, ಅಚ್ಚು, ಬೈಂಡಿಂಗ್ ಸೇರಿ ನಮಗೆ ಒಂದು ಪ್ರತಿಗೆ 62 ಬಿದ್ದಿದೆ. ಉಳಿಯುವುದು 37. ಅದರಲ್ಲೇ ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಣೆ), ಕರಡು ತಿದ್ದಿದವರ ಹಣ, ಮುಖಪುಟದ ಕಲಾವಿದರ ಹಣ, ಪತ್ರಿಕೆಗಳಿಗೆ ಕಳಿಸುವ ಪ್ರತಿಗಳು, ಈ ಓಡಾಟ. ಹಾಗಂತ ಅಂಗಡಿಯವರು ಜಾಸ್ತಿ ತಿನ್ನುತ್ತಾರೆ ಅಂತ ನನಗೆ ಯಾವತ್ತೂ ಅನಿಸಿಲ್ಲ. ಪೇಟೆ ಮಧ್ಯೆ ಬಾಡಿಗೆ ಕಟ್ಟಿ, ಆರು ತಿಂಗಳು ಹೊಸಬರ ಪುಸ್ತಕವನ್ನು ಕಣ್ಣಿಗೆ ಬೀಳುವ ಜಾಗದಲ್ಲಿ ಇಡುವುದು ಸಣ್ಣ ಕೆಲಸವಲ್ಲ.

ಸುಭಾಸ್ ರಸ್ತೆಗೆ ಬಂದು ಮನೋಹರ ಗ್ರಂಥಮಾಲೆಯ ಅಟ್ಟ ಹತ್ತದೆ ಹೋದರೆ ಧಾರವಾಡಕ್ಕೆ ಬಂದಂತೆಯೇ ಅಲ್ಲ. 1933ರಲ್ಲಿ ಜಿ.ಬಿ. ಜೋಶಿಯವರು ಕಟ್ಟಿದ ಪ್ರಕಾಶನ. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು ಸಲಹೆ ಕೊಡುತ್ತಿದ್ದದ್ದು, ಗಿರೀಶ ಕಾರ್ನಾಡರ ನಾಟಕಗಳು ಬಂದದ್ದು ಇಲ್ಲಿಂದಲೇ. ಆದರೆ ನಾನು ಟೀಚರ್‌ಗೆ ತೋರಿಸಬೇಕೆಂದಿದ್ದದ್ದು ದೊಡ್ಡ ಹೆಸರುಗಳನ್ನಲ್ಲ, ಚಂದಾದಾರರ ಪದ್ಧತಿಯನ್ನು. ಓದುಗರು ಮೊದಲೇ ಚಂದಾ ಕಟ್ಟುತ್ತಾರೆ, ವರ್ಷದ ಪುಸ್ತಕಗಳು ಅವರ ಮನೆಗೆ ಹೋಗುತ್ತವೆ. ಯಾವ ಪುಸ್ತಕ ಬರುತ್ತದೆ ಅಂತ ಗೊತ್ತಾಗುವ ಮುಂಚೆಯೇ ದುಡ್ಡು ಕೊಡುವ ಓದುಗರು. ಪ್ರಕಾಶನದ ಆಯ್ಕೆ ಮೇಲೆ ಅಷ್ಟು ನಂಬಿಕೆ. ಹೊಸ ಲೇಖಕರಿಗೆ ಇದಕ್ಕಿಂತ ದೊಡ್ಡ ಆಸರೆ ಇನ್ನೇನು ಬೇಕು? ಈಗ ನಾವು ವಾಟ್ಸಾಪಿನಲ್ಲಿ ಮುಂಗಡ ಬುಕಿಂಗ್ ಅಂತ ಮಾಡುವುದು ಅದರದ್ದೇ ಒಂದು ತುಣುಕು.

ಸಂಜೆ ನಿವೃತ್ತ ಉಪನ್ಯಾಸಕರೊಬ್ಬರ ಮನೆ ಮಹಡಿಯಲ್ಲಿ ಓದು. ಟೀಚರ್ ಸ್ವಲ್ಪ ವೇಗವಾಗಿ ಓದಿದರು, ಕಥೆಯನ್ನು ಕೊನೆವರೆಗೂ ಓದಿಬಿಟ್ಟರು. ಜನ ಚಪ್ಪಾಳೆ ತಟ್ಟಿದರು, ಚೆನ್ನಾಗಿ ಮಾತಾಡಿದರು, 26 ಪ್ರತಿ ಹೋದವು. ಅರ್ಧದಲ್ಲಿ ನಿಲ್ಲಿಸಿದ್ದರೆ ಇನ್ನೂ ಹೋಗುತ್ತಿದ್ದವು ಅಂತ ನನ್ನ ಅಂದಾಜು. ಆ ಮಾತನ್ನು ಅವತ್ತು ಹೇಳಲಿಲ್ಲ, ಅವರು ತುಂಬಾ ಖುಷಿಯಲ್ಲಿದ್ದರು.

ಶನಿವಾರ, ಗದಗ

ಗದಗವನ್ನು ಮುದ್ರಣ ಕಾಶಿ ಅನ್ನುತ್ತಾರೆ. ಹತ್ತಿ ಬಿಡಿಸುವ ಹೊಲಗಳನ್ನು ನೋಡುತ್ತಾ ಊರೊಳಗೆ ಬಂದರೆ ಗಲ್ಲಿ ಗಲ್ಲಿಯಲ್ಲಿ ಪ್ರೆಸ್. ನಮ್ಮ ಪುಸ್ತಕ ಅಚ್ಚಾದದ್ದೂ ಇಲ್ಲೇ. ಟೀಚರ್‌ಗೆ ತಮ್ಮ ಪುಸ್ತಕ ಹುಟ್ಟಿದ ಜಾಗ ತೋರಿಸಬೇಕಿತ್ತು, ಹಾಗಾಗಿ ಬಸ್ ಇಳಿದವರೇ ನೇರ ಪ್ರೆಸ್ಸಿಗೆ ಹೋದೆವು.

ಅಲ್ಲಿ ಬೇರೆ ಯಾರದ್ದೋ ಪುಸ್ತಕದ ಫಾರಂ ಮಡಚುತ್ತಿದ್ದರು. ದೊಡ್ಡ ಹಾಳೆಯ ಎರಡೂ ಬದಿ ಸೇರಿ ಹದಿನಾರು ಪುಟ. ನೋಡಿದರೆ ಪುಟಗಳು ತಲೆಕೆಳಗು, ಒಂದನೇ ಪುಟದ ಪಕ್ಕ ಹದಿನಾರನೆಯದು. ಮೂರು ಸಲ ಮಡಚಿದರೆ ಎಲ್ಲ ಸಾಲಾಗಿ ಕೂರುತ್ತವೆ. ನಮ್ಮ 160 ಪುಟ ಅಂದರೆ ಇಂಥ ಹತ್ತು ಫಾರಂ. ಒಂದೊಂದನ್ನೂ ಬೆನ್ನಿನಲ್ಲಿ ದಾರ ಹಾಕಿ ಹೊಲಿದು, ಆಮೇಲೆ ಗೋಂದು, ಆಮೇಲೆ ಮುಖಪುಟ, ಕೊನೆಗೆ ಮೂರು ಬದಿ ಕಟಿಂಗ್. ಬೈಂಡಿಂಗ್ ವಿಭಾಗದ ಹೆಂಗಸರೊಬ್ಬರು ಟೀಚರ್ ಮುಖವನ್ನೇ ನೋಡುತ್ತಿದ್ದರು. "ನಿಮ್ಮ ಫೋಟೋ ಹಿಂದಿನ ರಟ್ಟಿನ ಮ್ಯಾಲೆ ಐತಲ್ರಿ, ನಾನೇ ಅಂಟ್ಸೀನಿ" ಅಂದರು. ಟೀಚರ್ ಚೀಲದಿಂದ ಒಂದು ಪ್ರತಿ ತೆಗೆದು ಅವರ ಹೆಸರು ಕೇಳಿ ಬರೆದು ಸಹಿ ಮಾಡಿ ಕೊಟ್ಟರು. ಈ ಪ್ರವಾಸದಲ್ಲಿ ಗೌರವ ಪ್ರತಿ ಯಾರಿಗೂ ಇಲ್ಲ ಅಂತ ನಾನೇ ನಿಯಮ ಮಾಡಿದ್ದೆ. ಈ ಒಂದು ಪ್ರತಿಯನ್ನು ಸಂತೋಷದಿಂದ ನನ್ನ ಲೆಕ್ಕಕ್ಕೆ ಬರೆದುಕೊಂಡು ದುಡ್ಡು ಹಾಕಿದೆ.

ಪ್ರೆಸ್ ಮಾಲೀಕರ ಜೊತೆ ಎರಡನೇ ಮುದ್ರಣದ ರೇಟು ಮಾತಾಡಿದೆ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಎಲ್ಲರಿಗೂ ಗೊತ್ತು. ಆದರೆ ಕಾಗದಕ್ಕೆ ಇದೆ, ಅಚ್ಚಿನ ಕೆಲಸಕ್ಕೂ ಇದೆ. ನಮ್ಮ ಮಾಲಿಗೆ ತೆರಿಗೆ ಇಲ್ಲದ್ದರಿಂದ ಕಟ್ಟಿದ್ದನ್ನು ವಾಪಸ್ ಪಡೆಯುವ ದಾರಿ ಇಲ್ಲ, ಅದು ಪುಸ್ತಕದ ಬೆಲೆಯಲ್ಲೇ ಸೇರಬೇಕು. ಕಡಿಮೆ ಪ್ರತಿ ಹಾಕಿಸಿದರೆ ಒಂದೊಂದರ ಖರ್ಚು ಏರುತ್ತದೆ, ಜಾಸ್ತಿ ಹಾಕಿಸಿದರೆ ಮಂಚದ ಕೆಳಗೆ ಬಂಡಲ್ ಉಳಿಯುತ್ತವೆ. 300 ಹಾಕಿಸುವುದೋ 500 ಹಾಕಿಸುವುದೋ ಅಂತ ತೀರ್ಮಾನ ಮಾಡದೆ ಎದ್ದು ಬಂದೆ. ಪ್ರವಾಸ ಮುಗಿಯಲಿ ಅಂತ.

ಮಧ್ಯಾಹ್ನ ಒಂದು ಪಿಯು ಕಾಲೇಜಿನಲ್ಲಿ ಓದು. ನಾವು ನೇರವಾಗಿ ಮಾರುವಾಗ 150 ರೂಪಾಯಿಗೆ ಕೊಡುತ್ತೇವೆ, ವಿದ್ಯಾರ್ಥಿಗಳಿಗೆ 120. ನಾಲ್ಕು ಹುಡುಗಿಯರು ಸೇರಿ ಮೂವತ್ತು ಮೂವತ್ತು ಹಾಕಿ ಒಂದು ಪ್ರತಿ ತೆಗೆದುಕೊಂಡರು, ಯಾರ ಮನೆಯಲ್ಲಿ ಮೊದಲು ಇರಬೇಕು ಅಂತ ಅಲ್ಲೇ ಜಗಳ. ಅದು ನನಗೆ ನಾಲ್ಕು ಪ್ರತಿ ಮಾರಿದಷ್ಟೇ ಲೆಕ್ಕ, ಯಾಕೆಂದರೆ ನಾಲ್ಕೂ ಜನ ಓದುತ್ತಾರೆ. ಸಂಜೆ ವೀರನಾರಾಯಣ ಗುಡಿಗೆ ಹೋಗಿ ಕುಮಾರವ್ಯಾಸನ ಕಂಬದ ಹತ್ತಿರ ಸ್ವಲ್ಪ ಹೊತ್ತು ಕೂತೆವು. ತೋಂಟದಾರ್ಯ ಮಠದ ಮುಂದೆ ಹಾದು ಬಂದೆವು. 2018ರಲ್ಲಿ ಲಿಂಗೈಕ್ಯರಾದ ಸಿದ್ಧಲಿಂಗ ಸ್ವಾಮೀಜಿ ಇದ್ದಾಗ ಆ ಮಠದಿಂದ ನೂರಾರು ಪುಸ್ತಕ ಬಂದವು. ಬೆಂಗಳೂರಿನಿಂದ ಇಷ್ಟು ದೂರದಲ್ಲಿ ಕೂತು ಪ್ರಕಾಶನ ನಡೆಸಲು ಆಗಲ್ಲ ಅಂತ ಯಾರಾದರೂ ಹೇಳಿದರೆ ಗದಗಕ್ಕೆ ಹೋಗಿ ನೋಡಿ ಬನ್ನಿ ಅನ್ನುತ್ತೇನೆ.

ಭಾನುವಾರ, ಗದಗದಿಂದ ವಿಜಯಪುರ

ರೈಲು. ಬಾದಾಮಿ, ಬಾಗಲಕೋಟೆ, ಆಲಮಟ್ಟಿ ದಾಟಿ ಹೋಗುವ ದಾರಿ. ಭಾನುವಾರ ಆದರೂ ಕಿಟಕಿ ಪಕ್ಕ ಎರಡು ಸೀಟು ಸಿಕ್ಕಿತು, ಅಲ್ಲೇ ನಮ್ಮ ತಾಲೀಮು. ಓದಬೇಕಾದ ಕಥೆಯಲ್ಲಿ ಎಲ್ಲಿ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಪೆನ್ಸಿಲ್‌ನಲ್ಲಿ ಗುರುತು ಮಾಡಿದೆವು. ನನ್ನ ಅನುಭವದಲ್ಲಿ ಎಂಟು ಒಂಬತ್ತು ನಿಮಿಷ ಸಾಕು. ಕಥೆ ಒಂದು ಕವಲಿಗೆ ಬಂದಾಗ ಪುಸ್ತಕ ಮುಚ್ಚಬೇಕು. ಟೀಚರ್‌ಗೆ ಇದು ಇಷ್ಟವಾಗಲಿಲ್ಲ. "ಅಕ್ಕಾ, ಮುಗಿಸದೆ ನಿಲ್ಲಿಸಿದರೆ ಕೂತವರಿಗೆ ಮೋಸ ಮಾಡಿದ ಹಾಗಲ್ವಾ?" ಅಂದರು. ಮನೆಗೆ ಹೋಗಿ ಮುಗಿಸಲಿ, ಅದಕ್ಕೇ ಪುಸ್ತಕ ಮಾಡಿರುವುದು ಅಂದೆ.

ಸಂಕಲನದ ಅತಿ ಉದ್ದದ ಕಥೆ ಆಲಮಟ್ಟಿ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಒಬ್ಬ ಮುದುಕಿಯದು. ಪರಿಹಾರದ ದುಡ್ಡು ಇಸ್ಕೊಳ್ಳಲು ಆಕೆ ಒಪ್ಪುವುದಿಲ್ಲ. ರೈಲು ಕೃಷ್ಣೆಯ ಸೇತುವೆ ಮೇಲೆ ಬಂದಾಗ ಟೀಚರ್ ಓದುವುದನ್ನು ನಿಲ್ಲಿಸಿ ಹೊರಗೆ ನೋಡುತ್ತಾ ಕೂತರು, ನಾನೂ ಮಾತಾಡಿಸಲಿಲ್ಲ.

ಆಮೇಲೆ ಅವರು ಕೇಳಿದ ಪ್ರಶ್ನೆ ಎಲ್ಲ ಹೊಸ ಲೇಖಕರೂ ಕೇಳುವುದೇ. "ಲೈಬ್ರರಿಗೆ ಹೋಗುತ್ತಾ ಅಕ್ಕಾ?" ಹೋದರೆ ಒಳ್ಳೆಯದು, ಅರ್ಜಿ ಹಾಕುತ್ತೇವೆ. 1965ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಬಂದಾಗಿನಿಂದ ನಾವು ಕಟ್ಟುವ ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಕರವೂ ಸೇರುತ್ತದೆ, ಊರಿನ ಗ್ರಂಥಾಲಯಕ್ಕೆ ಪುಸ್ತಕ ಬರುವುದು ಜನರ ಆ ದುಡ್ಡಿನಿಂದಲೂ. ಒಳ್ಳೆಯ ಏರ್ಪಾಡು. ಆದರೆ ಗ್ರಂಥಾಲಯಗಳ ಸಗಟು ಖರೀದಿಯೊಂದನ್ನೇ ನಂಬಿ ಪುಸ್ತಕ ಮಾಡುವುದು ಪ್ರಕಾಶನಕ್ಕೆ ಒಳ್ಳೆಯದಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಖರೀದಿ ಆದ ಕೂಡಲೇ ಕೆಲಸ ಮುಗಿಯಿತು ಅನಿಸಿಬಿಡುತ್ತದೆ. ಆಮೇಲೆ ಕರಡು ಇನ್ನೊಂದು ಸಲ ನೋಡುವ ಶ್ರದ್ಧೆ ಇರುವುದಿಲ್ಲ, ಮುಖಪುಟಕ್ಕೆ ಒಳ್ಳೆ ಕಲಾವಿದರು ಬೇಕಿರುವುದಿಲ್ಲ, ಲೇಖಕರನ್ನು ಎಲ್ಲಿಗೂ ಕರೆದುಕೊಂಡು ಹೋಗಬೇಕಿಲ್ಲ. ಕೊನೆಗೆ ಲೇಖಕರಿಗೆ ತಮ್ಮ ಪುಸ್ತಕ ಓದಿದ ಒಬ್ಬರ ಮುಖವೂ ಗೊತ್ತಿರುವುದಿಲ್ಲ. ಬರೆಯುವವರಿಗೆ ಇದಕ್ಕಿಂತ ದೊಡ್ಡ ನಷ್ಟ ಯಾವುದು?

ವಿಜಯಪುರದಲ್ಲಿ ನಮಗೆ ಹೇಳಿದ್ದ ಹಾಲ್‌ನಲ್ಲಿ ಬೇರೆ ಕಾರ್ಯಕ್ರಮ ನಡೆಯುತ್ತಿತ್ತು. ವಾರದ ಹಿಂದೆಯೇ ಖಾತ್ರಿ ಮಾಡಿಕೊಂಡಿದ್ದೆ, ಆದರೂ ಹೀಗಾಯಿತು. ಬಂದವರಲ್ಲೇ ಒಬ್ಬರು, ಬ್ಯಾಂಕಿನಲ್ಲಿ ಕೆಲಸ ಮಾಡುವವರು, "ನಮ್ಮ ಮನಿ ಮಾಳಿಗಿ ಮ್ಯಾಲೆ ಕೂಡೂಣ ಬರ್ರಿ" ಅಂದರು. ಜಮಖಾನೆ ಹಾಸಿ, ಒಂದು ಟ್ಯೂಬ್‌ಲೈಟ್ ಕೆಳಗೆ ಕೂತೆವು. ನವೆಂಬರ್ ಚಳಿ, ಎಲ್ಲರೂ ಟವೆಲ್ ಸೆರಗು ಹೊದ್ದುಕೊಂಡು ಕೂತಿದ್ದರು. ಟೀಚರ್ ಆಲಮಟ್ಟಿಯ ಕಥೆಯನ್ನೇ ಓದಿದರು, ಪೆನ್ಸಿಲ್ ಗುರುತು ಬಂದಲ್ಲಿ ನಿಲ್ಲಿಸಿದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದೆ ಕೂತಿದ್ದ ಒಬ್ಬ ಹಿರಿಯರು ಕೇಳಿದರು, "ಆ ಮುದುಕಿ ರೊಕ್ಕ ಯಾಕ ಇಸ್ಕೊಳ್ಳಲಿಲ್ಲರೀ ಮೇಡಂ?" ಟೀಚರ್ ಉತ್ತರ ಕೊಡುವ ಮೊದಲೇ ಪಕ್ಕದವರು ಅವರಿಗೆ ಉತ್ತರ ಕೊಡಲು ಶುರು ಮಾಡಿದರು. ಆ ಹಿರಿಯರ ಊರೂ ಮುಳುಗಿದ್ದು ಅಂತ ಆಮೇಲೆ ಗೊತ್ತಾಯಿತು. ಅವರು ದುಡ್ಡು ಇಸ್ಕೊಂಡಿದ್ದರು, ಆ ದುಡ್ಡು ಹೇಗೆ ಹೇಗೆ ಖರ್ಚಾಯಿತು ಅಂತ ಒಂದೊಂದಾಗಿ ಹೇಳಿದರು: ಮಗಳ ಮದುವೆ, ಒಂದು ಬೋರ್‌ವೆಲ್, ಒಂದು ಮೋಟರ್‌ಸೈಕಲ್. ಮಾತು ಒಂದೂವರೆ ಗಂಟೆ ನಡೆಯಿತು. ಟೀಚರ್ ನೋಟ್‌ಬುಕ್ ತೆಗೆದು ಬರೆದುಕೊಳ್ಳುತ್ತಿದ್ದರು. 22 ಪ್ರತಿ ಹೋದವು, ಆ ಹಿರಿಯರು ಮೂರು ತೆಗೆದುಕೊಂಡರು. ನಮ್ಮಂಥ ಪ್ರಾದೇಶಿಕ ಪ್ರಕಾಶನ ಯಾಕೆ ಇರಬೇಕು ಅಂತ ಯಾರಾದರೂ ಕೇಳಿದಾಗಲೆಲ್ಲ ನಾನು ಇನ್ನು ಮೇಲೆ ಆ ಮಾಳಿಗೆಯ ಬಗ್ಗೆ ಹೇಳುತ್ತೇನೆ. ಕಥೆ ಬರೆದವರು, ಆ ಕಥೆಯನ್ನು ಬದುಕಿದವರು ಒಂದೇ ಜಮಖಾನೆ ಮೇಲೆ ಕೂತಿದ್ದರು.

ಸೋಮವಾರ, ವಿಜಯಪುರ

ಬೆಳಗ್ಗೆ ಅಂಗಡಿಗಳ ಸುತ್ತು. ಈ ಊರಿನಲ್ಲಿ ಅಂತಲ್ಲ, ಎಲ್ಲ ಜಿಲ್ಲಾ ಕೇಂದ್ರಗಳಲ್ಲೂ ಪುಸ್ತಕದ ಅಂಗಡಿ ಬದುಕಿರುವುದು ಸ್ಪರ್ಧಾತ್ಮಕ ಪರೀಕ್ಷೆಯ ಗೈಡ್‌ಗಳಿಂದ. ಪಿಎಸ್‌ಐ, ಎಫ್‌ಡಿಎ, ಟಿಇಟಿ, ಕೆಎಎಸ್. ಸಾಹಿತ್ಯ ಇರುವುದು ಒಳಗಿನ ಕಪಾಟಿನಲ್ಲಿ. ಇದರ ಬಗ್ಗೆ ಬೇಜಾರು ಮಾಡಿಕೊಂಡು ಪ್ರಯೋಜನವಿಲ್ಲ. ಗೈಡ್ ಕೊಳ್ಳಲು ಬರುವ ಹುಡುಗ ಹುಡುಗಿಯರೇ ನಮ್ಮ ಮುಂದಿನ ಓದುಗರು. ಹಾಗಾಗಿ ನಾನು ಅಂಗಡಿಯವರನ್ನು ಕೇಳುವುದು ಒಂದೇ: ಬಿಲ್ ಹಾಕುವ ಮೇಜಿನ ಮೇಲೆ ಐದು ಪ್ರತಿ ನಿಲ್ಲಿಸಲು ಜಾಗ ಕೊಡಿ. ಅದಕ್ಕಂತಲೇ ಒಂದು ರಟ್ಟಿನ ಸ್ಟ್ಯಾಂಡ್ ಮಾಡಿಸಿದ್ದೇನೆ, ಮಡಚಿ ಚೀಲದಲ್ಲಿ ಇಟ್ಟುಕೊಳ್ಳಬಹುದು. ಇಬ್ಬರು ಒಪ್ಪಿದರು.

ಇನ್ನೊಂದು ಅಂಗಡಿಯಲ್ಲಿ ಹಳೆ ಬಾಕಿ ಇತ್ತು. ಎರಡು ವರ್ಷದ ಹಿಂದಿನ ಚಲನ್ ತೋರಿಸಿದೆ. ಅವರು ಒಳಗಿನಿಂದ ಹನ್ನೆರಡು ಪುಸ್ತಕ ತಂದು ಮುಂದೆ ಇಟ್ಟರು. ಬಿಸಿಲಿಗೆ ಬೆನ್ನಿನ ಕೆಂಪು ಬಣ್ಣ ಹೋಗಿ ಗುಲಾಬಿ ಆಗಿತ್ತು, ಒಳಗೆ ಪುಟ ಹೊಸದಾಗಿಯೇ ಇತ್ತು. ಮಾರಿಹೋದ ಎಂಟು ಪ್ರತಿಯ ಹಣ ಅರ್ಧ ಕೊಟ್ಟರು, ಉಳಿದದ್ದು ಉಗಾದಿಗೆ ಅಂದರು. ಬಣ್ಣ ಹೋದ ಪುಸ್ತಕಗಳನ್ನು ಹಳ್ಳಿ ಶಾಲೆಗಳಿಗೆ ಕೊಡುತ್ತೇವೆ, ಮಕ್ಕಳು ಬೆನ್ನು ನೋಡುವುದಿಲ್ಲ. ಉದ್ರಿ ವಸೂಲಿಗೆ ಫೋನ್ ಮಾಡುತ್ತಾ ಕೂತರೆ ಯಾರೂ ಕೊಡಲ್ಲ, ಎದುರಿಗೆ ಹೋಗಿ ನಿಂತರೆ ಅರ್ಧವಾದರೂ ಬರುತ್ತದೆ. ಸುತ್ತಾಟಕ್ಕೆ ಇದೂ ಒಂದು ಕಾರಣ.

ಪೋಸ್ಟ್ ಆಫೀಸಿನಲ್ಲೂ ಕೆಲಸವಿತ್ತು. ಆಲಮಟ್ಟಿಯ ಕಥೆಯ ಮೊದಲ ಎರಡು ನಿಮಿಷವನ್ನು ಟೀಚರ್ ದನಿಯಲ್ಲಿ ರೆಕಾರ್ಡ್ ಮಾಡಿ ಭಾನುವಾರ ಬೆಳಗ್ಗೆ ವಾಟ್ಸಾಪ್ ಗುಂಪುಗಳಿಗೆ ಬಿಟ್ಟಿದ್ದೆ. ಮೈಸೂರು, ಮಂಗಳೂರು ಕಡೆಯಿಂದಲೂ ಆರ್ಡರ್ ಬಂದಿತ್ತು. ಈ ಕಡೆಯ ಮಾತು ಅಚ್ಚಿನಲ್ಲಿ ನೋಡಿದರೆ ಕಷ್ಟ ಅನ್ನುವವರು ಕಿವಿಯಲ್ಲಿ ಕೇಳಿದರೆ ಥಟ್ಟನೆ ಹಿಡಿಯುತ್ತಾರೆ. ನನ್ನ ಮಟ್ಟಿಗೆ ಹತ್ತು ಪೋಸ್ಟರ್‌ಗಿಂತ ಇಂಥ ಒಂದು ಆಡಿಯೋ ಜಾಸ್ತಿ ಕೆಲಸ ಮಾಡುತ್ತದೆ. ಆ ಆರ್ಡರ್‌ಗಳನ್ನು ಅಂಚೆಯಲ್ಲಿ ಕಳಿಸಬೇಕಿತ್ತು. ಪುಸ್ತಕಕ್ಕೆ ಕಡಿಮೆ ದರವಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತಿತು, 2025ರ ಮೇ 1ರಿಂದ ಪುಸ್ತಕಗಳಿಗೆ ಅಂತ ಜ್ಞಾನ ಪೋಸ್ಟ್ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100, ತೆರಿಗೆ ಬೇರೆ. ನಮ್ಮ ಪುಸ್ತಕ ಕವರ್ ಸೇರಿ 300ರ ಒಳಗೇ ಬರುತ್ತದೆ. ಸೈಜು, ಕಾಗದ ಆರಿಸುವಾಗಲೇ ಈ ತೂಕವನ್ನೂ ನೋಡಿಕೊಳ್ಳಿ, ಹೊಸದಾಗಿ ಪ್ರಕಾಶನ ಶುರು ಮಾಡುವವರು ಇದನ್ನು ಮರೆಯುತ್ತಾರೆ.

ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರನ್ನು ನೆನೆಯದೆ ಇರಲು ಆಗುವುದಿಲ್ಲ. ವಕೀಲಿ ಮಾಡಿಕೊಂಡು ಆರಾಮಾಗಿ ಇರಬಹುದಿತ್ತು. ಮನೆ ಮನೆಗೆ ತಿರುಗಿ ತಾಡವೋಲೆ ಹುಡುಕಿದರು, 1923ರಲ್ಲಿ ವಚನಗಳ ಮೊದಲ ಸಂಪುಟ ತಂದರು, 1925ರಲ್ಲಿ ಹಿತಚಿಂತಕ ಅಂತ ಸ್ವಂತ ಪ್ರೆಸ್ ಹಾಕಿದರು, ಮರುವರ್ಷ ಶಿವಾನುಭವ ಪತ್ರಿಕೆ. ಇದಕ್ಕೆಲ್ಲ ಮನೆಯನ್ನೇ ಮಾರಿದರು. ಇವತ್ತು ವಚನ ನಮ್ಮ ಬಾಯಲ್ಲಿ ಇದೆ ಅಂದರೆ ಅದರ ಹಿಂದೆ ಕೈಯಿಂದ ದುಡ್ಡು ಹಾಕಿ ಅಚ್ಚು ಹಾಕಿಸಿದ ಒಬ್ಬ ಪ್ರಕಾಶಕರಿದ್ದಾರೆ. ಅವರನ್ನು ಸಂಶೋಧಕ ಅಂತ ಎಲ್ಲರೂ ಹೊಗಳುತ್ತಾರೆ. ಪ್ರೂಫ್ ನೋಡಿ, ಕಾಗದ ತರಿಸಿ, ಚಂದಾದಾರರನ್ನು ಹುಡುಕಿದ ಹಳಕಟ್ಟಿಯವರ ಬಗ್ಗೆ ಯಾಕೆ ಯಾರೂ ಹೆಚ್ಚು ಮಾತಾಡುವುದಿಲ್ಲ ಅಂತ ನನಗೆ ಪ್ರತಿ ಸಲ ಅನಿಸುತ್ತದೆ.

ಮಂಗಳವಾರ, ಕಲಬುರಗಿ

ತೊಗರಿ ಹೊಲಗಳ ನಡುವೆ ಬಸ್ ಪ್ರಯಾಣ. ಇಲ್ಲಿ ನಮ್ಮನ್ನು ಕರೆದದ್ದು ಹೆಣ್ಣುಮಕ್ಕಳ ಒಂದು ಓದುವ ಬಳಗ. ತಿಂಗಳಿಗೊಂದು ಪುಸ್ತಕ ಓದಿ ಸೇರುತ್ತಾರೆ. ಇವರಿಗೆ ಹದಿನೈದು ದಿನ ಮುಂಚೆಯೇ ಪುಸ್ತಕ ಕಳಿಸಿದ್ದೆ, ಎಲ್ಲರೂ ಓದಿಕೊಂಡೇ ಬಂದಿದ್ದರು. ಇಡೀ ಪ್ರವಾಸದಲ್ಲಿ ಸಾಹಿತ್ಯದ ಮಾತು ಅಂತ ನಡೆದದ್ದು ಇಲ್ಲೇ. ಎರಡು ಕಥೆ ಇಷ್ಟವಾಗಲಿಲ್ಲ ಅಂತ ಮುಖಕ್ಕೇ ಹೇಳಿದರು, ಯಾಕೆ ಅಂತ ಪುಟ ಸಂಖ್ಯೆ ಸಮೇತ ಹೇಳಿದರು. ಒಂದು ಕಥೆಯಲ್ಲಿ ಗಂಡ ತುಂಬಾ ಬೇಗ ಬದಲಾಗುತ್ತಾನೆ, ನಮ್ಮ ಮನೆಗಳಲ್ಲಿ ಹಾಗಾಗಲ್ಲ ಅಂದರು. ಟೀಚರ್ ವಾದ ಮಾಡಲಿಲ್ಲ, ಸ್ವಲ್ಪ ಹೊತ್ತು ಯೋಚಿಸಿ ಹೌದು ಅಂದರು. ಒಬ್ಬ ಅಜ್ಜಿ ನನ್ನನ್ನು ಕರೆದು "ಅಕ್ಷರ ಸಣ್ಣಾಗ್ಯಾವ ನೋಡವ್ವ" ಅಂದರು. ನಿಜ, 11 ಪಾಯಿಂಟ್ ಇಟ್ಟಿದ್ದೆವು. ಎರಡನೇ ಮುದ್ರಣಕ್ಕೆ 12 ಮಾಡಬೇಕು, ಪುಟ ಹೆಚ್ಚಾದರೂ ಸರಿ.

ಕಥಾ ಸಂಕಲನ ಹೋಗಲ್ಲ, ಕಾದಂಬರಿ ತನ್ನಿ ಅನ್ನುವ ಮಾತನ್ನು ಅಂಗಡಿಗಳಲ್ಲಿ ಕೇಳಿ ಕೇಳಿ ಸಾಕಾಗಿತ್ತು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದಲ್ಲಿ, ಅಂತಾರಾಷ್ಟ್ರೀಯ ಬೂಕರ್ ಬಂದ ಮೇಲೆ ಆ ಮಾತು ಸ್ವಲ್ಪ ತಗ್ಗಿದೆ. ಈ ಬಳಗದವರು ಅವರನ್ನು ಓದಿಯೇ ಕಥೆಗಳ ಕಡೆ ಬಂದದ್ದಂತೆ. ಇಲ್ಲಿ 38 ಪ್ರತಿ ಹೋದವು, ಓದಿದವರೇ ಉಡುಗೊರೆಗೆ ಅಂತ ಮತ್ತೆ ಕೊಂಡದ್ದು.

ಬುಧವಾರ

ಪೂರ್ತಿ ಬಸ್ಸಿನಲ್ಲೇ ಹೋಯಿತು. ಜೇವರ್ಗಿ, ಶಹಾಪುರ, ಸುರಪುರ, ಲಿಂಗಸುಗೂರು. ಟೀಚರ್ ನಿದ್ದೆ ಮಾಡಿದರು. ನಾನು ಮುಂದಿನ ಪುಸ್ತಕದ ಕರಡು ತಿದ್ದಿದೆ, ರಸ್ತೆ ಚೆನ್ನಾಗಿದ್ದಷ್ಟು ಹೊತ್ತು.

ಗುರುವಾರ, ಕುಷ್ಟಗಿ

ತಾಲ್ಲೂಕು ಊರುಗಳಲ್ಲಿ ಪುಸ್ತಕದ ಅಂಗಡಿ ಅಂತ ಬೇರೆ ಇರುವುದು ಅಪರೂಪ. ಇಲ್ಲಿ ನಮಗೆ ಸಿಕ್ಕಿದ್ದು ಒಂದು ಝೆರಾಕ್ಸ್ ಅಂಗಡಿ. ನೋಟ್‌ಬುಕ್, ಪೆನ್ನು, ಆಧಾರ್ ಅರ್ಜಿ, ರೀಚಾರ್ಜ್, ಎಲ್ಲ ಇದೆ. ಊರಿನ ಎಲ್ಲರೂ ವಾರಕ್ಕೊಮ್ಮೆಯಾದರೂ ಅಲ್ಲಿಗೆ ಬರುತ್ತಾರೆ. ಮಾಲೀಕ ಟೀಚರ್ ಹತ್ತಿರ ಓದಿದ ಹುಡುಗ. "ನಮ್ಮ ಟೀಚರ್ ಬುಕ್ಕು, ಮುಂದ ಇಡ್ತೀನಿ ತರ್ರಿ" ಅಂತ ಲ್ಯಾಮಿನೇಶನ್ ಮಶೀನ್ ಪಕ್ಕ ಜಾಗ ಮಾಡಿದ. ಕಮಿಷನ್ ಬೇಡ ಅಂದ, ನಾನು ಒಪ್ಪಲಿಲ್ಲ. ಎಲ್ಲರಿಗೂ ಕೊಡುವಂತೆ 35 ಅಂತಲೇ ಚಲನ್ ಬರೆದೆ. ವ್ಯವಹಾರ ಸರಿ ಇದ್ದರೆ ಮುಂದಿನ ಲೇಖಕರ ಪುಸ್ತಕಕ್ಕೂ ಅದೇ ಜಾಗ ಸಿಗುತ್ತದೆ.

ಸಂಜೆ ಶಾಲೆಯ ಅಂಗಳದಲ್ಲಿ ಓದು. ಇಪ್ಪತ್ತು ಜನ ಅಂದುಕೊಂಡಿದ್ದೆವು, ಅಂಗಳ ತುಂಬಿತು. ಇಲ್ಲಿ ಟೀಚರ್ ಬೇರೆ ಕಥೆ ಆರಿಸಿಕೊಂಡರು, ಈ ಊರಿನ ಸಂತೆಯಲ್ಲಿ ನಡೆಯುವುದು. ನಾನು ಗುರುತು ಹಾಕಿದ ಜಾಗದಲ್ಲಿ ನಿಲ್ಲಿಸಿದಾಗ ಮುಂದೆ ಕೂತ ಮಕ್ಕಳು "ಮುಂದ ಓದ್ರೀ ಟೀಚರ್" ಅಂತ ಕೂಗಿದರು. ಅವರು ನನ್ನ ಕಡೆ ನೋಡಿದರು, ನಾನು ಓದಿ ಅಂದೆ. ಪೂರ್ತಿ ಓದಿದರು. ಆದರೂ 97 ಪ್ರತಿ ಹೋದವು.

ರಾತ್ರಿ ಅವರ ಮನೆಯಲ್ಲಿ ಲೆಕ್ಕ. ಪ್ರವಾಸಕ್ಕೆ ಅಂತ ತೆಗೆದ 400 ಪ್ರತಿಯಲ್ಲಿ ನೇರವಾಗಿ ಮಾರಿದ್ದು 214, ಅಂಗಡಿಗಳಲ್ಲಿ ಇಟ್ಟದ್ದು 150, ಕೈಯಲ್ಲಿ ಉಳಿದದ್ದು 36. ಮಾರಿದ ಪ್ರತಿಗಳ ರಾಯಧನ 3852 ರೂಪಾಯಿ ಅಲ್ಲೇ ಕೊಟ್ಟು ವೋಚರ್ ಮೇಲೆ ಸಹಿ ತೆಗೆದುಕೊಂಡೆ. ಅಂಗಡಿಯದ್ದು ಹಣ ಬಂದ ಹಾಗೆ ಮೂರು ತಿಂಗಳಿಗೊಮ್ಮೆ. ಲೇಖಕರಿಗೆ ರಾಯಧನ ಪುಸ್ತಕದ ರೂಪದಲ್ಲಿ ಕೊಟ್ಟು ಮುಗಿಸುವ ಪದ್ಧತಿ ನನಗೆ ಸೇರುವುದಿಲ್ಲ. ಮೊತ್ತ ಸಣ್ಣದಿರಬಹುದು, ಆದರೆ ದುಡ್ಡಾಗಿಯೇ ಕೊಡಬೇಕು. ಟೀಚರ್ ಅದನ್ನು ಎಣಿಸದೆ ಅವರ ತಾಯಿಯ ಕೈಗೆ ಕೊಟ್ಟರು, ತಾಯಿ ಎರಡು ಸಲ ಎಣಿಸಿದರು.

ಗದಗಕ್ಕೆ ಫೋನ್ ಮಾಡಿ ಎರಡನೇ ಮುದ್ರಣ 500 ಅಂತ ಹೇಳಿದೆ. 12 ಪಾಯಿಂಟ್, ಹೊಲಿಗೆ ಬೈಂಡಿಂಗ್, ತೂಕ ಕವರ್ ಸೇರಿ 300 ಗ್ರಾಂ ದಾಟದ ಹಾಗೆ ಕಾಗದ. ಫೆಬ್ರವರಿಯಲ್ಲಿ ಮಲೆನಾಡಿನ ಕಡೆ ಒಂದು ಸುತ್ತು ಹೊರಡುತ್ತಿದ್ದೇವೆ, ಈ ಸಲ ಒಬ್ಬ ಹೊಸ ಕವಿಯ ಜೊತೆ. ಶಿರಸಿ, ಸಾಗರ, ತೀರ್ಥಹಳ್ಳಿ, ಕೊಪ್ಪ ಇಷ್ಟು ಗೊತ್ತಾಗಿದೆ. ನಿಮ್ಮ ಊರು ಆ ದಾರಿಯಲ್ಲಿದ್ದು, ನಿಮ್ಮ ಮನೆ ಜಗಲಿಯಲ್ಲಿ ಇಪ್ಪತ್ತು ಜನ ಕೂರುವಷ್ಟು ಜಾಗವಿದ್ದರೆ ತಿಳಿಸಿ. ಮೈಕ್ ಬೇಡ, ವೇದಿಕೆ ಬೇಡ, ಪುಸ್ತಕ ಇಡಲು ಒಂದು ಸ್ಟೂಲ್ ಇದ್ದರೆ ಆಯಿತು.